ಸೀಸೆ ಒಡೆಯದ ಬುಧವಾರ

ಶ್... ಮೆಲ್ಲಗೆ ತಾಯಿ, ಮೆಲ್ಲಗೆ! ಇದನ್ನ ಗೋಡೆ ಅಂದ್ಕೊಂಡ್ಯಾ? ರಟ್ಟು, ಬರೀ ರಟ್ಟು. ಈ ಕಡೆ ನಾನು ಆಕಳಿಸಿದ್ರೆ ಆ ಕಡೆಯವಳಿಗೆ ನಿದ್ದೆ ಹತ್ತುತ್ತೆ. ಆ ಬಾಗಿಲು ಒಂಚೂರು ಮುಂದಕ್ಕೆ ತಳ್ಳು. ಹಾಂ, ಅಷ್ಟು ಸಾಕು. ಚಿಲಕ ಬೇಡ. ಬೇಡ ಅಂದ್ನಲ್ಲ! ಚಿಲಕ ಹಾಕಿದ್ರೆ ಈ ಓಣಿಯವರ ಬಾಯಿಗೆ ಇನ್ನೊಂದು ಕಥೆ ಸಿಗುತ್ತೆ. ಕೂತ್ಕೋ. ಆ ಸ್ಟೂಲ್ ಮೇಲೆ ಬೇಡ, ಅದಕ್ಕೆ ಮೂರೇ ಕಾಲು, ನಾಲ್ಕನೇದು ಇಟ್ಟಿಗೆ. ಇಲ್ಲಿ ಚಾಪೆ ಮೇಲೆ ಕೂತ್ಕೋ. ಮಗುನ ಕೆಳಗೆ ಬಿಡು, ಆಡ್ಲಿ. ಬಿಡಲ್ವಾ? ಸರಿ, ತೊಡೆ ಮೇಲೇ ಇರ್ಲಿ. ಹೊಸ ಜಾಗ, ಹೊಸ ಮುಖ... ನನ್ನ ಮುಖ ನೋಡಿ ಮೊದಲ ದಿನ ಅಳದ ಮಗು ಇನ್ನೂ ಹುಟ್ಟಿಲ್ಲ ಬಿಡು. ಮಾರನೇ ದಿನ ನನ್ನ ಬಿಟ್ಟು ಹೋಗೋಕೆ ಅಳುತ್ವೆ.

ನಾನು ಹೇಳಿದ್ದು ಅಂತ ಮಾತ್ರ ಎಲ್ಲೂ ಬಾಯಿ ಬಿಡಬಾರದು. ಆಣೆ ಮಾಡು. ಯಾಕೆ ನಗ್ತೀಯಾ? ನಗೋ ವಿಷಯ ಅಲ್ಲ ಕಣೇ ಇದು. ಮಾಡು ಅಂದ್ರೆ ಮಾಡು. ಅಯ್ಯೋ, ಮಗು ತಲೆ ಮುಟ್ಟಬೇಡ! ಮಕ್ಕಳ ಮೇಲೆ ಆಣೆ ಹಾಕಿಸೋ ಹೆಂಗಸಲ್ಲ ನಾನು. ಸೋಮವಾರ ಸೇರ್ತೀಯಲ್ಲ, ಆ ಕೆಲಸದ ಮೇಲೆ ಮಾಡು. ಹಾಂ... ಈಗ ಕೇಳು.

ಟಣ್! ಕೇಳಿಸ್ತಾ? ತಡಿ, ಇನ್ನೊಂದ್ಸಲ ಬಡೀತಾಳೆ... ಟಣ್, ಟಣ್! ಕೇಳಿಸ್ತಲ್ಲ. ಸ್ಟೀಲ್ ತಟ್ಟೆ ಮೇಲೆ ಚಮಚ. ಬೆಳಿಗ್ಗೆ ಎದ್ದ ಕೂಡಲೇ ಇದೇ, ಸಂಜೆ ದೀಪ ಹಾಕೋ ಹೊತ್ತಿಗೂ ಇದೇ. ಮಗುನ ಹೊಸ್ತಿಲ ಹತ್ತಿರ ಕೂರಿಸ್ತಾಳೆ, ಅದರ ಬೆನ್ನ ಹಿಂದೆ ನಿಂತ್ಕೊಂಡು ಬಡೀತಾಳೆ. ಯಾಕೆ ಅಂತೀಯಾ? ನನ್ನ ಹೊಟ್ಟೆ ಉರಿಸೋಕೆ, ಇನ್ಯಾಕೆ! ನನ್ನ ಕಿವಿಗೆ ಬೀಳ್ಲಿ ಅಂತ. ಮಗು ತಿರುಗಿ ನೋಡುತ್ತಾ ಅಂದ್ಯಾ? ಅದೇನು ನೋಡುತ್ತೆ... ಎದುರಿಗಿರೋ ಬೆಕ್ಕನ್ನ ನೋಡ್ತಾ ಕೂತಿರುತ್ತೆ. ಬೆಕ್ಕು ಬೆಚ್ಚಿಬಿದ್ದು ಓಡುತ್ತೆ, ಮಗು ಕೂತೇ ಇರುತ್ತೆ. ಮಂಕು ಮಗು. ಮೊದಲು ಹಾಗಿರ್ಲಿಲ್ಲ ಬಿಡು, ಚೂಟಿಯಾಗೇ ಇತ್ತು... ಟೀ ಕುಡೀತೀಯಾ? ಹಾಲಿಲ್ಲ, ಕಪ್ಪು ಟೀ.

ಯಾರವಳು ಅಂದ್ರೆ, ಇಸ್ತ್ರಿಯವಳು. ಇಲ್ಲಿ ಹೆಸರು ಹಿಡಿದು ಯಾರನ್ನ ಯಾರು ಕರೀತಾರೆ! ನೀನು ಸೇರೋ ಬಟ್ಟೆ ಫ್ಯಾಕ್ಟರಿಯಲ್ಲೇ ಇದ್ಲು, ಹೊಲಿದ ಅಂಗಿಗೆಲ್ಲ ಇಸ್ತ್ರಿ ಹಾಕೋ ಕಡೆ. ಈಗಿಲ್ಲ. ಮಗು ಹಿಡ್ಕೊಂಡು ಆಸ್ಪತ್ರೆಯಲ್ಲಿ ಕೂತಿದ್ಲಲ್ಲ, ಅಷ್ಟರಲ್ಲಿ ಅವಳ ಟೇಬಲ್ಲಿಗೆ ಬೇರೆಯವಳು ಬಂದ್ಲು. ಈಗ ಹಗಲೆಲ್ಲ ಮನೆ. ಹಗಲೆಲ್ಲ ತಟ್ಟೆ.

ಒಂದು ಮಾತು ಕೇಳ್ತೀನಿ, ನಿಜ ಹೇಳ್ಬೇಕು. ಅವಳೇ ಕಳಿಸಿದ್ಲಾ ನಿನ್ನ? ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳು. ಇಲ್ಲ ಅಂತ ತಲೆ ಅಲ್ಲಾಡಿಸಿದ್ರೆ ಸಾಲದು. ನಿನ್ನೆ ಸಂಜೆ ನಲ್ಲಿ ಹತ್ತಿರ ನೀವಿಬ್ರೂ ನಿಂತಿದ್ರಿ. ನಿನ್ನ ಕೊಡ ತುಂಬಿ ಹರೀತಾ ಇತ್ತು, ನಿನಗೆ ಗೊತ್ತೇ ಆಗ್ಲಿಲ್ಲ. ಅಂಥದ್ದೇನು ಹೇಳ್ತಾ ಇದ್ಲು? ‘ಏನಿಲ್ಲ ಅಜ್ಜಿ’... ಹೂಂ. ಏನಿಲ್ಲದ ಮಾತಿಗೆ ಯಾರೂ ಕೊಡ ತುಂಬಿ ಹರಿಯೋಕೆ ಬಿಡಲ್ಲ ಮಗಳೇ. ಇರ್ಲಿ ಬಿಡು.

ನನಗೆ ಗೊತ್ತು ಅವಳ ಮನಸ್ಸಿನಲ್ಲಿರೋದು. ಮನೆ ಮನೆಗೆ ಹೋಗಿ ತಾಯಂದಿರ ಕಿವಿ ಕಚ್ಚಿ, ನನ್ನ ಮಕ್ಕಳನ್ನೆಲ್ಲ ತನ್ನ ಕಡೆ ಎಳ್ಕೊಂಡು, ತಾನೇ ತೊಟ್ಟಿಲು ಕಟ್ಟಬೇಕು ಅಂತ. ನನಗೆ ತೊಟ್ಟಿಲಜ್ಜಿ ಅಂತ ಹೆಸರು ಸುಮ್ನೆ ಬಂತಾ? ನೋಡು ಮೇಲೆ. ಐದು ಜೋಳಿಗೆ. ಐದೂ ನನ್ನ ಹಳೇ ಹೊದಿಕೆ ಹರಿದು ಕಟ್ಟಿದ್ದು. ನೀನು ಸೇರೋ ಫ್ಯಾಕ್ಟರಿಯ ಅರ್ಧ ಹೆಂಗಸರ ಮಕ್ಕಳು ಇಲ್ಲೇ ತೂಗಿಸ್ಕೊಂಡು ದೊಡ್ಡವಾಗಿದ್ದು. ಅಲ್ಲಿನ ಮೇಸ್ತ್ರಿ ಇದ್ದಾನಲ್ಲ, ದೊಡ್ಡ ಮೀಸೆ ಬಿಟ್ಕೊಂಡು ಎಲ್ಲರನ್ನೂ ಗದರ್ತಾನಲ್ಲ... ಅವನ ಅಂಡು ತೊಳೆದ ಕೈ ಇದು. ಸೋಮವಾರ ಅವನು ನಿನ್ನ ಗದರಿಸಿದಾಗ ಅದನ್ನ ನೆನೆಸ್ಕೋ, ಭಯ ಹೋಗುತ್ತೆ. ಹಾಂ, ನಕ್ಕೆ ನೋಡು! ನಗಬೇಕು ಹೀಗೆ.

ಇವತ್ತು ಯಾಕೆ ಖಾಲಿ ಅಂತಾನಾ? ಅದು... ರಜೆ ಕಣೇ. ಒಬ್ಬಳಿಗೆ ತವರಿಗೆ ಹೋಗೋದಿತ್ತು. ಇನ್ನೊಬ್ಬಳ ಅತ್ತೆ ಬಂದಿದ್ದಾಳೆ. ಎಲ್ಲ ಬರ್ತಾವೆ, ಬರದೆ ಎಲ್ಲಿ ಹೋಗ್ತಾವೆ. ನೀನು ಆರಿಸ್ಕೋ, ಕಿಟಕಿ ಪಕ್ಕದ್ದು ಬೇಕಾ? ಗಾಳಿ ಚೆನ್ನಾಗಿ ಬರುತ್ತೆ. ಬೇರೆ ಯಾರಿಗೂ ಅದನ್ನ ಕೊಡಲ್ಲ ನಾನು, ನಿನ್ನ ಮಗುಗೆ ಅಂತ ಹೇಳ್ತಿದೀನಿ.

ಏನು? ಸೂಜೀನಾ?... ಗೊತ್ತು ಕಣಮ್ಮ, ಇವತ್ತು ಬುಧವಾರ ಅಂತ ನನಗೂ ಗೊತ್ತು. ಒಂಬತ್ತು ತಿಂಗಳು ತುಂಬಿದ್ರೆ ದಡಾರದ ಸೂಜಿ ಹಾಕಿಸಬೇಕು, ಸೂಜಿ ಸಿಸ್ಟರ್ ನೀಲಿ ಡಬ್ಬ ಹೆಗಲಿಗೆ ಹಾಕ್ಕೊಂಡು ಬರ್ತಾಳೆ, ಮಧ್ಯಾಹ್ನದವರೆಗೂ ಓಣಿ ಕೊನೆಯ ಆರೋಗ್ಯ ಕೇಂದ್ರದಲ್ಲಿ ಕೂತಿರ್ತಾಳೆ. ನನಗೆ ಹೇಳ್ಕೊಡ್ತೀಯಾ? ಆ ಡಬ್ಬದಲ್ಲಿ ಮಂಜುಗಡ್ಡೆ ಮಧ್ಯೆ ಮೀನಿನ ಹಾಗೆ ಇಟ್ಕೊಂಡಿರ್ತಾಳೆ ಔಷಧಿನ. ಬಿಸಿಲು ತಾಗಿದ್ರೆ ಕೆಡುತ್ತಂತೆ. ಬಿಸಿಲಿಗೆ ಕೆಡೋ ವಸ್ತು ಬಿಸಿಬಿಸಿ ಮೈಯೊಳಗೆ ಹೋಗಿ ಹೇಗೆ ಉಳಿಯುತ್ತೆ, ಹೇಳು! ಕೇಳಿದ್ರೆ ನಗ್ತಾಳೆ. ಹಲ್ಲು ಚೆನ್ನಾಗಿದೆ ಅಂತ ಎಲ್ಲದಕ್ಕೂ ನಗೋದು. ಬಿಟ್ಟಿಯಾಗಿ ಕೊಡ್ತಾರೆ. ಈ ಓಣಿಗೆ ಬೀದಿ ದೀಪ ಬಿಟ್ಟಿಯಾಗಿ ಬರ್ಲಿಲ್ಲ, ಚರಂಡಿಗೆ ಒಂದು ಕಲ್ಲು ಬಿಟ್ಟಿಯಾಗಿ ಬರ್ಲಿಲ್ಲ. ಸೂಜಿ ಮಾತ್ರ ಬಾಗಿಲಿಗೆ ಬರುತ್ತೆ. ಅನುಮಾನ ಬರಲ್ವಾ ನಿನಗೆ? ನನಗೆ ಬರುತ್ತಪ್ಪ.

ಅದಲ್ಲ, ನಿನಗೆ ಹೋಗೋಕಾಗಲ್ಲ, ಅದು ತಾನೇ ಚಿಂತೆ? ಇವತ್ತು ಹೋಗ್ತೀಯಾ ಸರಿ. ಮುಂದಿನದಕ್ಕೆ? ಎಲ್ಲರದ್ದೂ ಇದೇ ಗೋಳು. ಸಿಸ್ಟರ್ ಬರೋದು ಬುಧವಾರ ಬೆಳಿಗ್ಗೆ, ಫ್ಯಾಕ್ಟರಿ ಗೇಟು ಹಾಕೋದು ಅದಕ್ಕೂ ಮುಂಚೆ. ಗೇಟು ಹಾಕಿದ ಮೇಲೆ ಸತ್ತೆ ಅಂದ್ರೂ ತೆಗೆಯಲ್ಲ. ಅರ್ಧ ದಿನ ಕೇಳಿದ್ರೆ ಮೇಸ್ತ್ರಿ ಇಡೀ ದಿನ ಮನೆಗೆ ಕಳಿಸ್ತಾನೆ. ಎರಡು ಸಲ ಕೇಳಿದ್ರೆ ಮೆಷಿನ್ನಿನಿಂದ ಎಬ್ಬಿಸಿ ದಾರ ಕತ್ತರಿಸೋ ಮೂಲೆಗೆ ಹಾಕ್ತಾನೆ. ಅದಕ್ಕೇ ಎಲ್ಲರೂ ಮಗು ಇಳಿಸಿ ಹೋಗುವಾಗ, ‘ಅಜ್ಜಿ, ನೀವೇ ಒಂಚೂರು ಎತ್ಕೊಂಡು ಹೋಗಿ ಹಾಕಿಸ್ಕೊಂಡು ಬನ್ನಿ’ ಅಂತಾರೆ. ಹೂಂ ಕಣಮ್ಮ, ಕರ್ಕೊಂಡು ಹೋಗ್ತೀನಿ ಅಂತೀನಿ. ಎಲ್ಲರಿಗೂ ಹಾಗೇ ಹೇಳ್ತೀನಿ... ಹಾಗೇ ಮಾಡ್ತೀನಿ ಅಂತ ಅರ್ಥ. ನೀನೇನು ಹಾಗೆ ನೋಡ್ತೀಯಾ?

ನಾನೂ ಮನುಷ್ಯಳೇ ತಾನೇ. ಸೂಜಿ ಹಾಕಿಸ್ಕೊಂಡ ಮಗು ಸಂಜೆವರೆಗೂ ಏನು ಮಾಡುತ್ತೆ ಅಂತ ತಾಯಂದಿರಿಗೆ ಗೊತ್ತಾ? ಅವರು ಮೆಷಿನ್ ಮುಂದೆ ಇರ್ತಾರೆ. ಇಲ್ಲಿ ಮೈ ಕಾಯುತ್ತೆ, ತೊಡೆ ಊದುತ್ತೆ, ಕಿರುಚುತ್ತೆ. ಒಂದು ಕಿರುಚಿದ್ರೆ ಉಳಿದವೂ ಶುರು ಹಚ್ಕೊಳುತ್ವೆ. ಎರಡು ಕೈಯಲ್ಲಿ ಎಷ್ಟು ಜೋಳಿಗೆ ತೂಗಲಿ? ಒಂದು ಸಲ ಸಿಮೆಂಟ್ ಗಾಡಿಯವನ ಮಗುಗೆ ಹಾಕಿಸ್ಕೊಂಡು ಬಂದೆ. ಸಂಜೆ ಅವನು ಬಂದು ಊದಿದ ತೊಡೆ ನೋಡಿದ. ಏನಂದ ಗೊತ್ತಾ? ‘ಮುದುಕಿ, ನನ್ನ ಮಗುಗೆ ಏನು ಮಾಡಿದೆ?’ ಅಂದ. ಓಣಿ ತುಂಬ ಜನ! ಸೂಜಿ ಹಾಕಿದೋಳು ಡಬ್ಬ ಎತ್ಕೊಂಡು ಹೋಗಿದ್ಲು, ಬೈಸ್ಕೊಳೋಕೆ ಉಳಿದವಳು ನಾನು. ಜ್ವರ ಬಂದು ಹೋಗುತ್ತೆ, ಹೆದರಬೇಡಿ ಅಂತ ಸಿಸ್ಟರ್ ನನಗೆ ಹೇಳಿದ್ಲು. ನನಗೆ ಹೇಳಿದ್ರೆ ಏನು ಬಂತು? ಅವನಿಗೆ ಹೇಳಬೇಕಿತ್ತು.

ಸರಿ, ಇಸ್ತ್ರಿಯವಳ ಕಥೆಗೆ ಬರ್ತೀನಿ. ಅವಳ ಮಗುಗೆ ದಡಾರ ಬಂತು. ಮೈಯೆಲ್ಲ ಕೆಂಪು, ಕಣ್ಣು ತೆಗೆಯೋಕಾಗಲ್ಲ, ಆಮೇಲೆ ಉಸಿರು ಎಳೆಯೋಕೆ ಶುರುವಾಯ್ತು. ದೊಡ್ಡ ಆಸ್ಪತ್ರೆಗೆ ಎತ್ಕೊಂಡು ಹೋದ್ರು. ಮೂಗಿಗೆ ಕೊಳವೆ, ಕಿವಿಯಿಂದ ಕೀವು. ಬದುಕಿ ಬಂತು. ಬಂತಲ್ಲ! ಅಷ್ಟಾದ್ರೆ ಸಾಲದಾ ಒಂದು ತಾಯಿಗೆ? ಇಲ್ಲ, ಇವಳಿಗೆ ಯಾರ ಮೇಲಾದ್ರೂ ಗೂಬೆ ಕೂರಿಸಬೇಕು. ಮಗುಗೆ ಸೂಜಿ ಹಾಕಿಸಿರ್ಲಿಲ್ಲ ಅವಳು, ಅದೇ ಮೂಲ. ತಾಯಿಯಾದೋಳು ಇಷ್ಟು ಅಸಡ್ಡೆ ಮಾಡ್ತಾಳಾ, ಹೇಳು? ಅವಳ ಮಗು ನನ್ನ ಕಡೆ ಬರ್ತಾನೇ ಇರ್ಲಿಲ್ಲ. ಅತ್ತೆ ನೋಡ್ಕೊಳ್ತಿದ್ಲು. ಹಾಗಿದ್ದ ಮೇಲೆ ನನಗೂ ಅದಕ್ಕೂ ಏನು ಸಂಬಂಧ?

ಹೋಗಿದ್ಲಾ ಅಂತ ಕೇಳ್ತೀಯಾ... ಹೋಗಿದ್ಲು, ಹೋಗಿರ್ಲಿಲ್ಲ ಅಂತ ನಾನೆಲ್ಲಿ ಅಂದೆ? ಒಂದು ಬುಧವಾರ ಹೋಗಿದ್ಲು. ಮೇಸ್ತ್ರಿ ಹತ್ರ ಹಲ್ಲು ಕಿರಿದು ಇಡೀ ದಿನ ರಜೆ ಹಾಕಿ. ತುಟಿಗೆ ಬಣ್ಣ ಹಚ್ಕೊಂಡು! ಮಗುಗೆ ಸೂಜಿ ಹಾಕಿಸೋಕೆ ತುಟಿಗೆ ಬಣ್ಣ ಯಾಕೆ? ಸೂಜಿ ಹಾಕೋದು ತುಟಿಗಾ? ಕೇಂದ್ರದ ಮುಂದೆ ಟೆಂಪೋ ನಿಲ್ಲಿಸ್ಕೊಂಡಿರ್ತಾನಲ್ಲ ಒಬ್ಬ, ಅವನ ಜೊತೆ ಕಿಲಕಿಲ ಅಂತ ಮಾತು... ನಾನು ಹೇಳ್ತಿಲ್ಲ, ಜನ ಹೇಳ್ತಾರೆ.

ಹೋದ್ಲು, ಹಾಕಿಸ್ಲಿಲ್ಲ. ಯಾಕಂದ್ರೆ ಸಿಸ್ಟರ್ ಸೀಸೆ ಒಡೀಲಿಲ್ಲ. ಅದು ನಿನಗೆ ಗೊತ್ತಿಲ್ವಾ? ದಡಾರದ್ದು ಒಬ್ಬೊಬ್ಬರಿಗೆ ಒಂದೊಂದು ಸೀಸೆ ಅಲ್ಲ. ಒಂದೇ ಪುಟ್ಟ ಸೀಸೆ, ಅದರೊಳಗೆ ಪುಡಿ. ಮುಚ್ಚಳ ತೆಗೆದು ನೀರು ಬೆರೆಸಿದ್ರೆ ಹತ್ತು ಮಕ್ಕಳಿಗಾಗುತ್ತೆ. ಬೆರೆಸಿದ ಮೇಲೆ ಅವತ್ತೇ ಮುಗಿಸಬೇಕು, ಉಳಿದಿದ್ದನ್ನ ಚೆಲ್ಲಬೇಕು. ಚೆಲ್ಲಿದ್ರೆ ಮೇಲಿನವರು ಅವಳನ್ನ ಕೇಳ್ತಾರಂತೆ, ಯಾಕೆ ಹಾಳು ಮಾಡಿದೆ ಅಂತ. ಅದಕ್ಕೆ ಅರ್ಧದಷ್ಟಾದ್ರೂ ಮಕ್ಕಳು ಸೇರದಿದ್ರೆ ಒಡೆಯಲ್ಲ, ಮುಂದಿನ ಬುಧವಾರ ಬನ್ನಿ ಅಂತಾಳೆ. ಅವತ್ತು ಸೇರಿದ್ದು ಮೂರೇ ಮಗು. ಇವಳದ್ದೊಂದು, ಇನ್ನೆರಡು. ವಾಪಸ್ ಕಳಿಸಿದ್ಲು. ಮುಂದಿನ ಬುಧವಾರ ಇವಳಿಗೆ ರಜೆ ಸಿಗ್ಲಿಲ್ಲ. ಅದರ ಮುಂದಿನ ಬುಧವಾರದೊಳಗೆ ದಡಾರ ಓಣಿಗೆ ಬಂದಾಗಿತ್ತು. ಈಗ ಹೇಳು, ಯಾರ ತಪ್ಪು? ಸಿಸ್ಟರ್ ತಪ್ಪು. ಮೇಸ್ತ್ರಿ ತಪ್ಪು. ಆ ಸೀಸೆ ಮಾಡಿದೋನ ತಪ್ಪು, ಒಂದೊಂದು ಮಗುಗೆ ಆಗೋ ಹಾಗೆ ಮಾಡೋಕೆ ಅವನಿಗೇನು ಬಂದಿತ್ತು? ಇವಳಿಗೆ ಸಿಕ್ಕಿದ್ದು ಮಾತ್ರ ನಾನು!

ನನ್ನ ಮಕ್ಕಳಾ? ಜೋಳಿಗೆ ಮಕ್ಕಳು ಎಲ್ಲಿದ್ವು ಅಂತಾನಾ? ಚೆನ್ನಾಗಿ ಕೇಳ್ತೀಯಾ ಕಣೇ ನೀನು, ಪೊಲೀಸ್ ಕೆಲಸಕ್ಕೆ ಹೋಗಬೇಕಿತ್ತು. ಅವತ್ತು ನಾನು ಊರಲ್ಲೇ ಇರ್ಲಿಲ್ಲ. ತಂಗಿ ಮನೆಗೆ ಹೋಗಿದ್ದೆ. ಅವಳಿಗೆ ಮಂಡಿ ನೋವು. ಹಿಂದಿನ ದಿನವೇ ಎಲ್ಲ ತಾಯಂದಿರಿಗೂ ಹೇಳಿದ್ದೆ, ನಾಳೆ ಮಗು ತರಬೇಡಿ ಅಂತ. ಹಾಂ. ತಂಗಿ ಮನೇಲಿದ್ದೆ. ರಾತ್ರಿ ಬಂದೆ.

ಇಲ್ಲದಿದ್ದೋಳ ಮೇಲೆ ಗೂಬೆ! ಅವತ್ತಿನ ಅವಳ ಅವತಾರ ನೀನು ನೋಡಬೇಕಿತ್ತು, ಆಗ ಗೊತ್ತಾಗ್ತಿತ್ತು ಎಂಥ ಹೆಂಗಸು ಅಂತ. ಸಿಸ್ಟರ್ ಅಂದ್ಲಂತೆ, ‘ಇನ್ನೆರಡು ಮಗು ಕರ್ಕೊಂಡು ಬಾ, ಒಡೀತೀನಿ’ ಅಂತ. ತಗೋ, ಶುರುವಾಯ್ತು. ಮಗುನ ಸೊಂಟದ ಮೇಲೆ ಹಾಕ್ಕೊಂಡು ಓಣಿ ತುಂಬ ಓಟ. ತಲೆ ಬಿಚ್ಚಿದೆ, ಒಂದು ಕಾಲಿಗೆ ಚಪ್ಪಲಿ ಇಲ್ಲ. ಕಂಡ ಕಂಡ ಬಾಗಿಲು ಬಡೀತಾಳೆ, ‘ಒಂಬತ್ತು ತಿಂಗಳ ಮಗು ಇದ್ಯಾ? ಒಂಬತ್ತು ತಿಂಗಳ ಮಗು ಇದ್ಯಾ?’ ತರಕಾರಿ ಮಾರೋರ ಹಾಗೆ! ಅಷ್ಟು ಹೊತ್ತಲ್ಲಿ ಮನೆಯಲ್ಲಿ ಯಾರಿರ್ತಾರೆ? ಎಲ್ಲರೂ ಕೆಲಸಕ್ಕೆ ಹೋಗಿರ್ತಾರೆ. ಆಮೇಲೆ ನನ್ನ ಬಾಗಿಲಿಗೆ ಬಂದ್ಲು ನೋಡು... ಅಬ್ಬಾ! ಬಡಿದ್ಲು ಅಂದ್ರೆ, ಚಿಲಕದ ಮೊಳೆ ಕಿತ್ತು ಬರೋ ಹಾಗೆ. ಒಂದ್ಸಲ, ಎರಡ್ಸಲ, ನಿಲ್ಲಿಸ್ಲೇ ಇಲ್ಲ. ಆಗ ತಾನೇ ನಾಲ್ಕನ್ನೂ ಮಲಗಿಸಿದ್ದೆ ಕಣೇ, ಚಿಕ್ಕದು ಬೆಚ್ಚಿಬಿದ್ದು ತುಟಿ ಸೊಟ್ಟ ಮಾಡೋಕೆ ಶುರು ಮಾಡ್ತು, ನಾನು ಓಡಿ ಹೋಗಿ ಅದರ ಬಾಯಿಗೆ ಸಕ್ಕರೆ ನೀರಿನ ಬಟ್ಟೆ ಇಟ್ಟು...

...

ಯಾಕೆ ಹಿಂದಕ್ಕೆ ಸರಿದೆ?

ಇಲ್ಲ, ಅದು... ಅದು ಬೇರೆ ದಿನ. ಬೇರೆ ಬುಧವಾರ. ವಯಸ್ಸಾಯ್ತು ಮಗಳೇ, ದಿನ ಎಲ್ಲ ಕಲಸಿ ಹೋಗುತ್ತೆ. ತಂಗಿ ಮನೆಗೆ ಹೋಗಿದ್ದು ಅದರ ಹಿಂದಿನ ವಾರ ಇರಬೇಕು... ಮುಂದಿನ ವಾರವೋ...

ಇಷ್ಟು ಹೊತ್ತು ಪೊಲೀಸ್ ಹಾಗೆ ಕೇಳ್ತಿದ್ದೆ, ಈಗ ಕೇಳು. ಆ ಚಿಲಕ ಏನು ನೋಡ್ತೀಯಾ? ಚಿಲಕ ಎಲ್ಲರ ಮನೆಯಲ್ಲೂ ಇರುತ್ತೆ. ಮಗುನ ಯಾಕೆ ಹಾಗೆ ಒತ್ತಿ ಹಿಡ್ಕೊಂಡೆ, ಉಸಿರು ಕಟ್ಟುತ್ತೆ ಅದಕ್ಕೆ. ಕೊಡು ಇಲ್ಲಿ, ನಾನೊಂದ್ಸಲ ಎತ್ಕೊಳ್ತೀನಿ. ಕೊಡಲ್ವಾ?... ಸರಿ.

ನೋಡು, ಒಂದು ಬುಧವಾರ ತಪ್ಪಿದ್ರೆ ಏನು ಮುಳುಗಿ ಹೋಗುತ್ತೆ? ಮುಂದಿನ ವಾರ ಹಾಕಿಸಿದ್ರಾಯ್ತು ಅಂತ ಯಾರಾದ್ರೂ ಅಂದ್ಕೊಳ್ತಾರೆ. ಸಿಸ್ಟರೂ ಹಾಗೇ ತಾನೇ ಅಂದಿದ್ದು? ನನ್ನವುಗಳಿಗೆ ಏನೂ ಆಗ್ಲಿಲ್ಲ. ಒಂದಕ್ಕೆ ನಾಲ್ಕು ಗುಳ್ಳೆ ಬಂದು ಹೋಯ್ತು, ಅಷ್ಟೇ. ಮೊದಲು ಬಂದಿದ್ದು ಅದಕ್ಕೇ ಅಂತಾರೆ... ಯಾರಿಗೆ ಗೊತ್ತು ಯಾರಿಗೆ ಮೊದಲು ಬಂತು ಅಂತ! ಗಾಳಿಯಲ್ಲಿ ಬರೋದಕ್ಕೆ ವಿಳಾಸ ಬರೆದಿರುತ್ತಾ?

ಟಣ್... ಅಯ್ಯೋ, ಮತ್ತೆ ಶುರು ಮಾಡಿದ್ಲು. ಈ ಮುದುಕಿ ಕೈಯಲ್ಲಿ ಎಷ್ಟು ಅಂತ ಆಗುತ್ತೆ? ಎದ್ಯಾ? ಎಲ್ಲಿಗೆ? ಕೇಂದ್ರಕ್ಕಾ? ಇನ್ನೂ ಹೊತ್ತಿದೆ ಕಣೇ, ಟೀ ಆರಿ ಹೋಗುತ್ತೆ. ಸೋಮವಾರ ತರ್ತೀಯಲ್ಲ ಮಗುನ? ಕಿಟಕಿ ಪಕ್ಕದ ಜೋಳಿಗೆ ನಿನ್ನದೇ. ಒಗೆದು ಇಟ್ಟಿರ್ತೀನಿ. ತರ್ತೀಯಲ್ವಾ? ಬಾಯಿ ಬಿಟ್ಟು ಹೂಂ ಅನ್ನು, ಇಲ್ಲಾ ಊಹೂಂ ಅನ್ನು. ಈ ಓಣಿಯಲ್ಲಿ ಎಲ್ಲರೂ ಹೀಗೇ ಆಗಿದ್ದಾರೆ ಈಗ, ಬರ್ತಾರೆ, ಮೇಲೆ ನೋಡ್ತಾರೆ, ಬಾಗಿಲು ನೋಡ್ತಾರೆ, ಹೊರಟು ಹೋಗ್ತಾರೆ. ಬೈದ್ರಾದ್ರೂ ಬೈಯಬಾರದಾ? ಬೈದ್ರೆ ನಾನೂ ನಾಲ್ಕು ಮಾತು ಅಂದು ಹಗುರ ಮಾಡ್ಕೊಳ್ತೀನಿ.

ನಿಂತ್ಕೋ, ನಿಂತ್ಕೋ. ನಿನ್ನೆ ನಲ್ಲಿ ಹತ್ತಿರ ಅವಳು ನಿನಗೆ ಹೇಳಿದ್ದು ಇದನ್ನೇ ತಾನೇ? ಹೇಳ್ಲಿಲ್ವಾ? ನಿಜವಾಗ್ಲೂ ಹೇಳ್ಲಿಲ್ವಾ?... ‘ಮಗುಗೆ ಸೂಜಿ ಹಾಕಿಸಿದ್ಯಾ’ ಅಂತ ಅಷ್ಟೇ ಕೇಳಿದ್ಲಾ?

ಅಷ್ಟೇನಾ...

ಹಾಗಾದ್ರೆ ನನ್ನ ಬಾಯಿಂದಲೇ ಕೇಳಿಸ್ಕೊಂಡು ಹೋಗು, ಇನ್ಯಾರದ್ದೋ ಬಾಯಿಂದ ಕೇಳಬೇಡ, ಉಪ್ಪು ಖಾರ ಹಚ್ತಾರೆ. ಆಸ್ಪತ್ರೆಯಿಂದ ಬಂದ ಮಾರನೇ ಬೆಳಿಗ್ಗೆ. ಇದೇ ಬಾಗಿಲಿಗೆ ಬಂದ್ಲು. ಮಕ್ಕಳನ್ನ ಬಿಡೋಕೆ ಬಂದ ತಾಯಂದಿರೆಲ್ಲ ನಿಂತಿದ್ರು. ಕೂಗಾಡ್ತಾಳೆ ಅಂದ್ಕೊಂಡೆ, ನಾನೂ ಸೊಂಟ ಕಟ್ಟಿ ನಿಂತೆ. ಕೂಗ್ಲಿಲ್ಲ. ನೀನು ತಾನು ಅಂತಾಳೆ ಅಂದ್ಕೊಂಡೆ, ಅದೂ ಇಲ್ಲ. ‘ನೀವು’ ಅಂತಲೇ ಅಂದ್ಲು. ಮಗು ಅವಳ ಹೆಗಲ ಮೇಲಿತ್ತು, ಅದರ ಕೆನ್ನೆ ಸವರ್ತಾ, ನನ್ನ ಮುಖ ನೋಡ್ಕೊಂಡೇ ಅಂದ್ಲು...

‘ಅವತ್ತು ಹೊರಗೆ ಹಗ್ಗದ ಮೇಲೆ ಮಕ್ಕಳ ಬಟ್ಟೆಯಿಂದ ನೀರು ತೊಟ್ಟಿಕ್ತಾ ಇತ್ತು, ಅಜ್ಜಿ. ಸೀಸೆ ಒಡೆಯೋಕೆ ಎರಡೇ ಮಗು ಕಮ್ಮಿ ಇತ್ತು, ಸೂಜಿ ಆಗದ ನಾಲ್ಕು ಮಗು ನಿಮ್ಮ ಚಿಲಕದ ಹಿಂದೆ ಇದ್ವು. ಬಾಗಿಲಿಗೆ ಕಿವಿ ಇಟ್ಕೊಂಡು ನಿಂತಿದ್ದೆ ನಾನು. ಒಳಗಡೆ ನೀವು ಶ್... ಶ್... ಅಂತಿದ್ದದ್ದು ನನಗೆ ಚೆನ್ನಾಗಿ ಕೇಳಿಸ್ತು. ನನ್ನ ಮಗುಗೆ ಇನ್ನು ನೀವು ಕಿರುಚಿದ್ರೂ ಕೇಳಿಸಲ್ಲ.’